ಮಾಳಿಗೆಯಿಂದ ಶುರುವಾಗುವ ಕಂಪ್ಯೂಟರ್ ಕೆಲಸ

ಟಿವಿ ಟ್ಯೂನರ್ ಕಾರ್ಡ್ ಅಂದರೆ ಈಗಿನ ಹುಡುಗರು "ಹಂಗಂದ್ರೇನ್ರಿ?" ಅಂತ ಕೇಳುತ್ತಾರೆ. ಕೇಳಲಿ ಬಿಡಿ, ಅದನ್ನು ಮಾರುವ ಅಂಗಡಿಗಳೇ ಈಗ ಕಾಣಿಸಲ್ಲ. ಕಂಪ್ಯೂಟರಿನ ಮದರ್‌ಬೋರ್ಡಿಗೆ ಸಿಕ್ಕಿಸುವ ಒಂದು ಕಾರ್ಡು, ಅದರ ಬೆನ್ನಿಗೆ ಕೇಬಲ್ ತಿರುಗಿಸಿ ಕೂರಿಸುವ ಒಂದು ಮೂತಿ, ಅಷ್ಟೇ. ಆಂಟೆನಾ, ಕೇಬಲ್, ಡಿಶ್ ಯಾವುದರಿಂದಲೋ ಬರುವ ಸಿಗ್ನಲ್ ಹಿಡಿದು ಕಂಪ್ಯೂಟರಿಗೆ ಕೊಡುವುದು ಅದರ ಕೆಲಸ. ಆಮೇಲೆ ಆ ಕಂಪ್ಯೂಟರೇ ನಿಮ್ಮ ಸೆಟ್-ಟಾಪ್ ಬಾಕ್ಸ್, ಅದೇ ರೆಕಾರ್ಡರ್, ಹಳೆಯ ಸಿನಿಮಾ ಮತ್ತು ಮದುವೆ ವಿಡಿಯೋ ಇಡುವ ಜಾಗವೂ ಅದೇ.

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆಯ ಹಾಲಿನಲ್ಲಿ ಅಂಥದ್ದೊಂದು ಈಗ ಓಡುತ್ತಿದೆ. ಯಾವುದೋ ಆಫೀಸು ಕೈಬಿಟ್ಟ ಸಣ್ಣ ಡೆಸ್ಕ್‌ಟಾಪ್, ಅದರೊಳಗೆ ಉಪಗ್ರಹದ ಸಿಗ್ನಲ್ ಹಿಡಿಯುವ ಸೆಕೆಂಡ್ ಹ್ಯಾಂಡ್ ಡಿವಿಬಿ-ಎಸ್2 ಕಾರ್ಡು, ಮಾಳಿಗೆ ಮೇಲೆ ದೂರದರ್ಶನದ ಪುಕ್ಕಟೆ ಉಪಗ್ರಹ ಟಿವಿ ಡಿಡಿ ಫ್ರೀ ಡಿಶ್‌ಗೆ ತಿರುಗಿಸಿದ ಡಿಶ್. ಇದನ್ನೆಲ್ಲ ಹೊಂದಿಸಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿದ್ದೇನೆಂದರೆ, ಇದರಲ್ಲಿ ಮುಕ್ಕಾಲು ಪಾಲು ಮಾಳಿಗೆ ಕೆಲಸ, ಉಳಿದದ್ದು ಮನೆಮಂದಿಯನ್ನು ಒಪ್ಪಿಸುವ ಕೆಲಸ. ನಡುವೆ ಚೂರು ಕಂಪ್ಯೂಟರ್ ಬರುತ್ತದೆ. ಅದು ನಾವು ಹೆದರಿದಷ್ಟು ತೊಂದರೆ ಕೊಡಲ್ಲ.

2000ದ ದಶಕದಲ್ಲಿ ಕತೆ ಬೇರೆ ಇತ್ತು. ಆಗ ನಮ್ಮ ಕಡೆ ಕೇಬಲ್ ಎಲ್ಲ ಅನಲಾಗ್. ಕೇಬಲ್‌ನವರು ಎಳೆದುಕೊಟ್ಟ ತಂತಿಯನ್ನು ಟಿವಿಯಿಂದ ಬಿಚ್ಚಿ ಕಾರ್ಡಿಗೆ ಹಚ್ಚಿದರೆ ಮುಗಿಯಿತು, ಲಾಕು-ಗೀಕು ಏನೂ ಇಲ್ಲ, ಇದ್ದಬದ್ದ ಚಾನೆಲ್ ಎಲ್ಲ ಬರುತ್ತಿದ್ದವು. ಬಿಟಿ878, ಎಸ್‌ಎಎ7134 ಅಂತ ಚಿಪ್ ಇರುತ್ತಿದ್ದ ಆ ಕಾರ್ಡುಗಳಲ್ಲಿ ಬಹಳಷ್ಟಕ್ಕೆ ಧ್ವನಿ ನೇರವಾಗಿ ಕಂಪ್ಯೂಟರಿಗೆ ಹೋಗುತ್ತಿರಲಿಲ್ಲ. ಕಾರ್ಡಿನಿಂದ ಸೌಂಡ್ ಕಾರ್ಡಿನ ಲೈನ್-ಇನ್‌ಗೆ ಒಂದು ಗಿಡ್ಡ ವೈರು ಹಾಕಬೇಕಿತ್ತು. ಆ ವೈರು ಕಳೆದರೆ ಮೂಕಿ ಟಿವಿ. ಜೊತೆಗೆ ಒಂದು ರಿಮೋಟು, ಅದಕ್ಕೊಂದು ದಾರದಲ್ಲಿ ನೇತಾಡುವ ಕಣ್ಣು. ಹಾಸ್ಟೆಲ್ ಹುಡುಗರಿಗೆ ಇದು ದೊಡ್ಡ ವರ. ಟಿವಿ ತರುವ ಹಾಗಿಲ್ಲ, ಆದರೆ "ಓದಾಕ" ಅಂತ ಕಂಪ್ಯೂಟರ್ ತರಬಹುದಲ್ವಾ!

ರೆಕಾರ್ಡ್ ಮಾಡುವುದು ಮಾತ್ರ ಆಗ ಭಾರಿ ಖಟಿಪಿಟಿ. ಅನಲಾಗ್ ಚಿತ್ರವನ್ನು ಕಾರ್ಡು ಸೆಕೆಂಡಿಗೆ 25 ಸಲ, ಒಂದೊಂದು ಸಲಕ್ಕೆ 720 ಬೈ 576 ಚುಕ್ಕೆಗಳಾಗಿ ಕತ್ತರಿಸಿ ಕೊಡುತ್ತಿತ್ತು. ಅದನ್ನು ಹಾಗೇ ಉಳಿಸಿದರೆ ಒಂದು ಗಂಟೆಗೆ ಸುಮಾರು 75 ಜಿಬಿ. 80 ಜಿಬಿ ಹಾರ್ಡ್ ಡಿಸ್ಕ್ ಇದ್ದರೆ ಶ್ರೀಮಂತ ಅನ್ನುವ ಕಾಲ ಅದು. ಹಾಗಾಗಿ ಬರುಬರುತ್ತಲೇ ಕುಗ್ಗಿಸಬೇಕು, ಅದಕ್ಕೆ ಪ್ರೊಸೆಸರ್ ಏದುಸಿರು ಬಿಡಬೇಕು, ನಡುವೆ ಯಾರಾದರೂ ಹಾಡು ಹಾಕಿದರೆ ಚಿತ್ರ ತಡವರಿಸಬೇಕು.

ಆಮೇಲೆ ಕೇಬಲ್ ಹಂತ ಹಂತವಾಗಿ ಡಿಜಿಟಲ್ ಆಯಿತು. ಬೆಂಗಳೂರು, ಮೈಸೂರು ಎರಡನೇ ಹಂತದಲ್ಲಿ ಬಂದವು, ಅವಕ್ಕೆ 2013ರ ಮಾರ್ಚ್ 31 ಗಡುವು. ಹುಬ್ಬಳ್ಳಿ-ಧಾರವಾಡ ಮೂರನೇ ಹಂತದಲ್ಲಿ ಬಿತ್ತು, 2015ರ ಡಿಸೆಂಬರ್ 31. ಗಡುವು ಅಂದರೆ ನಿಮಗೆ ಗೊತ್ತೇ ಇದೆ, ಅವತ್ತೇ ರಾತ್ರಿ ಎಲ್ಲ ಬಂದ್ ಆಗಲಿಲ್ಲ. ಆದರೆ ನಿಧಾನವಾಗಿ ಮನೆಮನೆಗೆ ಡಬ್ಬಿ ಬಂತು, ಹಳೆಯ ಕಾರ್ಡುಗಳು ಹಿಮದ ಮಳೆ ತೋರಿಸುತ್ತಾ ಕೂತವು. ಡಿಜಿಟಲ್ ಕೇಬಲ್ ಹಿಡಿಯುವ ಕಾರ್ಡು ಇಲ್ಲವೆಂದಲ್ಲ, ಡಿವಿಬಿ-ಸಿ ಅಂತ ಇದೆ. ಹಚ್ಚಿದರೆ ಚಾನೆಲ್ ಹೆಸರುಗಳು ಸಾಲಾಗಿ ಬರುತ್ತವೆ, ಚಿತ್ರ ಬರಲ್ಲ. ಎಲ್ಲಕ್ಕೂ ಬೀಗ. ಕೀಲಿ ಇರುವುದು ಕಂಪನಿ ಕೊಟ್ಟ ಡಬ್ಬಿಯೊಳಗೆ. ದುಡ್ಡು ಕಟ್ಟುವ ಡಿಟಿಎಚ್‌ದೂ ಅದೇ ಹಣೆಬರಹ. ನೀವು ತಿಂಗಳಾ ದುಡ್ಡು ಕಟ್ಟಿದ ಚಾನೆಲ್ಲನ್ನು ನಿಮ್ಮದೇ ಯಂತ್ರದಲ್ಲಿ ನೋಡಲು ದಾರಿ ಇಲ್ಲ. ಇದು ನನಗೆ ಇವತ್ತಿಗೂ ಸರಿ ಅನಿಸಲ್ಲ. ಬೀಗ ಹಾಕಲಿ, ಆದರೆ ದುಡ್ಡು ಕೊಟ್ಟವನಿಗೆ ಕೀಲಿ ಕೊಡಬೇಕಪ್ಪಾ.

ಉಳಿದ ದಾರಿ ಒಂದೇ, ಡಿಡಿ ಫ್ರೀ ಡಿಶ್. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾದದ್ದು. ತಿಂಗಳ ದುಡ್ಡು ಇಲ್ಲ, ನಮಗೆ ಬೇಕಾದ ಚಾನೆಲ್‌ಗಳಿಗೆ ಬೀಗವೂ ಇಲ್ಲ. ಈಗ ಅದು ಬರುವುದು ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರಿನಲ್ಲಿ ಫ್ರೆಂಚ್ ಗಯಾನಾದ ಕೂರೂನಿಂದ ಹಾರಿಸಿದ ಇಸ್ರೋ ಉಪಗ್ರಹ, ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ ನಿಂತಿದೆ, ಅದರ ಮೇಲೆ ಕಣ್ಣಿಟ್ಟಿರುವವರು ನಮ್ಮ ಹಾಸನದ ಕೇಂದ್ರದವರು. ದೆಹಲಿಯ ತೋಡಾಪುರದಿಂದ ಮೇಲೆ ಹೋಗಿ, ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಇಳಿದು ನಮ್ಮ ಮಾಳಿಗೆಗೆ ಬರುತ್ತದೆ.

"ಡಬ್ಬಿ ಹಚ್ಚಿದ್ರ ಸಾಕಿತ್ತಲ್ಲೋ ತಮ್ಮಾ, ಇಷ್ಟ್ಯಾಕ ಉಸಾಬರಿ?" ಅಂತ ಅವ್ವ ಕೇಳಿದಳು. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಆಮೇಲೆ ಬರುತ್ತೇನೆ, ಮೊದಲು ಮಾಳಿಗೆ.

ಹುಬ್ಬಳ್ಳಿ-ಧಾರವಾಡದಲ್ಲಿ ನಿಂತು ನೋಡಿದರೆ ಜಿಸ್ಯಾಟ್-15 ಇರುವುದು ಆಗ್ನೇಯಕ್ಕೆ. ಉತ್ತರದಿಂದ ಎಣಿಸಿದರೆ ಸುಮಾರು 129 ಡಿಗ್ರಿ, ಎತ್ತರ ಸುಮಾರು 62 ಡಿಗ್ರಿ. ಗದಗ, ಹಾವೇರಿಯವರಿಗೂ ಇದೇ ಲೆಕ್ಕ, ಒಂದೆರಡು ಡಿಗ್ರಿ ಆಚೀಚೆ. 62 ಡಿಗ್ರಿ ಅಂದರೆ ಬಹಳ ಮೇಲೆ, ಹೆಚ್ಚುಕಡಿಮೆ ನೆತ್ತಿಯ ಕಡೆಗೇ. ಆದರೆ ಡಿಶ್ ನೋಡಿದರೆ ಹಾಗೆ ಅನಿಸಲ್ಲ. ಮನೆಗಳ ಮೇಲಿರುವ ಸಣ್ಣ ಡಿಶ್‌ಗಳು ಆಫ್‌ಸೆಟ್ ಬಗೆಯವು. ಡಿಶ್‌ನಿಂದ ಸಿಗ್ನಲ್ ಹಿಡಿದು ಕೇಬಲ್ಲಿಗೆ ಕೊಡುವ ಎಲ್‌ಎನ್‌ಬಿ ನಟ್ಟನಡುವೆ ಇರದೆ ಕೆಳಗಿನ ತೋಳಿನ ತುದಿಯಲ್ಲಿರುತ್ತದೆ, ಹಾಗಾಗಿ ಡಿಶ್‌ನ ಮುಖ ತಾನು ನಿಜವಾಗಿ ನೋಡುವ ಜಾಗಕ್ಕಿಂತ ಇಪ್ಪತ್ತು ಚಿಲ್ಲರೆ ಡಿಗ್ರಿ ಕೆಳಗೆ ನೋಡಿದಂತೆ ಕಾಣುತ್ತದೆ. ಇದರಿಂದ ಜನ ಮೋಸ ಹೋಗುತ್ತಾರೆ. ಎದುರಿಗೆ ಪಕ್ಕದ ಮನೆಯ ಎರಡನೇ ಮಹಡಿ ಕಂಡರೆ "ಅಡ್ಡ ಬರ್ತೈತಿ" ಅನ್ನುತ್ತಾರೆ, ಬರಲ್ಲ. ತಲೆ ಮೇಲೆ ಬಾಗಿದ ಮಾವಿನ ಕೊಂಬೆಯ ಕಡೆ ಯಾರೂ ನೋಡಲ್ಲ, ಅದೇ ಅಡ್ಡ. ಧಾರವಾಡದ ಹಳೆಯ ಬಡಾವಣೆಗಳಲ್ಲಿ ಮಾವಿನ ಮರಕ್ಕೆ ಬರವಿಲ್ಲ. ಬೇಸಿಗೆಯಲ್ಲಿ ಸಂದಿಯಿಂದ ಸಿಗ್ನಲ್ ಬಂದು, ಮಳೆಗಾಲದಲ್ಲಿ ಎಲೆ ದಟ್ಟವಾಗಿ ನೀರು ಹಿಡಿದಾಗ ಬಂದ್ ಆಗುವ ಮನೆಗಳನ್ನು ನೋಡಿದ್ದೇನೆ. ಡಬ್ಬಿ ಬದಲಿಸುತ್ತಾರೆ, ಕೊಂಬೆ ಕಡಿಯಲ್ಲ.

ಅಡ್ಡ ಇದೆಯೋ ಇಲ್ಲವೋ ನೋಡಲು ಒಂದು ಪುಕ್ಕಟೆ ಉಪಾಯ ಇದೆ. ವರ್ಷಕ್ಕೆ ಎರಡು ಸಲ, ಮಾರ್ಚ್ ಮಧ್ಯದಲ್ಲಿ ಒಮ್ಮೆ, ಸೆಪ್ಟೆಂಬರ್ ಕೊನೆಗೆ ಒಮ್ಮೆ, ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಹಾದು ಹೋಗುತ್ತಾನೆ. ನಮ್ಮ ಕಡೆ ಅದು ಬೆಳಿಗ್ಗೆ 11ರ ಸುಮಾರಿಗೆ. ಆ ದಿನಗಳಲ್ಲಿ ಕೆಲವು ನಿಮಿಷ ಚಿತ್ರ ಒಡೆಯುತ್ತದೆ, ಸೂರ್ಯನ ಗದ್ದಲದಲ್ಲಿ ಉಪಗ್ರಹದ ದನಿ ಮುಳುಗಿ ಹೋಗುತ್ತದೆ. ಆಗ ಬೈಯುತ್ತಾ ಕೂರುವ ಬದಲು ಮಾಳಿಗೆ ಹತ್ತಿ. ಡಿಶ್ ಪೂರ್ತಿ ಬಿಸಿಲಲ್ಲಿ ಇದ್ದು ಎಲ್ಲೂ ಎಲೆಯ ನೆರಳು ಬೀಳದಿದ್ದರೆ ದಾರಿ ಸಾಫ್ ಇದೆ ಅಂತ ಅರ್ಥ. ನೆರಳು ಬಿದ್ದರೆ ಯಾವ ಕೊಂಬೆ ಅಂತ ಬೆರಳು ಮಾಡಿ ತೋರಿಸಬಹುದು. ಮೊಬೈಲಿನ ದಿಕ್ಸೂಚಿಗಿಂತ ಇದು ವಾಸಿ. ದಿಕ್ಸೂಚಿಗೆ ಮಾಳಿಗೆಯ ಕಬ್ಬಿಣದ ಸಲಾಕೆ ಕಂಡರೆ ತಲೆ ತಿರುಗುತ್ತದೆ.

ದಿಕ್ಕು ಸರಿಯಾದ ಮೇಲೆ ಕನೆಕ್ಟರ್. ಇಲ್ಲೇ ಅರ್ಧ ಜನ ಸೋಲುವುದು. ನಮ್ಮ ಡಿಶ್ ಮೊದಲೇ ಇತ್ತು, ಯಾರೋ ಹಾಕಿಕೊಟ್ಟದ್ದು, ಡಬ್ಬಿಯಲ್ಲಿ ಚಿತ್ರವೂ ಬರುತ್ತಿತ್ತು. ಕಾರ್ಡಿಗೆ ಹಚ್ಚಿದರೆ ಸಿಗ್ನಲ್ ಕುಣಿಯುತ್ತಿತ್ತು. ಎಲ್‌ಎನ್‌ಬಿ ಕಡೆಯ ಕನೆಕ್ಟರ್ ತಿರುಗಿಸಿ ತೆಗೆದೆ. ಒಳಗಿನ ತಾಮ್ರದ ಕಡ್ಡಿಗೆ ಹಸಿರು ಪುಡಿ ಹತ್ತಿತ್ತು, ಸುತ್ತಲಿನ ತಂತಿ ಜಾಲರಿ ಕಪ್ಪಾಗಿ ಬೆರಳಿಗೆ ಮಸಿ ಮೆತ್ತುತ್ತಿತ್ತು, ಅದರ ಒಂದು ಎಳೆ ಬಾಗಿ ನಡುವಿನ ಕಡ್ಡಿಗೆ ಇನ್ನೇನು ತಾಗುವಷ್ಟು ಹತ್ತಿರ ಇತ್ತು. ಈ ಎಫ್ ಕನೆಕ್ಟರಿನಲ್ಲಿ ಬೇರೆ ಪಿನ್ ಅಂತ ಇರಲ್ಲ, ಕೇಬಲ್ಲಿನ ಕಡ್ಡಿಯೇ ಪಿನ್. ಅದು ಜಂಗು ಹಿಡಿದರೆ ಎಲ್ಲ ಹೋಯಿತು. ಸಿಗ್ನಲ್ ಕೆಳಗೆ ಬರುವುದೂ ಅದರಲ್ಲೇ, ಎಲ್‌ಎನ್‌ಬಿಗೆ ಕರೆಂಟ್ ಮೇಲೆ ಹೋಗುವುದೂ ಅದರಲ್ಲೇ. ಆ ಕರೆಂಟೇ ಮಾತಿನ ಕೆಲಸವನ್ನೂ ಮಾಡುತ್ತದೆ: 13 ವೋಲ್ಟ್ ಕೊಟ್ಟರೆ ಎಲ್‌ಎನ್‌ಬಿ ವರ್ಟಿಕಲ್, ಅಂದರೆ ನೆಟ್ಟಗೆ ಕಂಪಿಸುವ ಅಲೆ ಹಿಡಿಯುತ್ತದೆ, 18 ಕೊಟ್ಟರೆ ಹಾರಿಜಾಂಟಲ್, ಅಂದರೆ ಅಡ್ಡಡ್ಡ ಕಂಪಿಸುವುದು. ನಡುವೆ ಜಂಗು ಕೂತು ವೋಲ್ಟೇಜ್ ಇಳಿದರೆ ಎಲ್‌ಎನ್‌ಬಿಗೆ ಹೊಟ್ಟೆಗೂ ಇಲ್ಲ, ಹೇಳಿದ್ದು ಕೇಳಿಸುವುದೂ ಇಲ್ಲ.

ಆರ್‌ಜಿ6 ಕೇಬಲ್ಲಿನ ತುದಿ ಕತ್ತರಿಸಿ, ಹೊಸದಾಗಿ ಸುಲಿದು, ಒತ್ತಿ ಕೂರಿಸುವ ಕನೆಕ್ಟರ್ ಹಾಕಿದೆ. ತಿರುಗಿಸಿ ಹಾಕುವ ಅಗ್ಗದವು ನಮ್ಮ ಮಳೆಗೆ ತಾಳಲ್ಲ. ಅದರ ಮೇಲೆ ರಬ್ಬರ್ ಟೇಪ್ ಸುತ್ತಿ, ಕೇಬಲ್ ಒಂದು ಬಳಸು ಕೆಳಗಿಳಿದು ಮೇಲೆ ಹೋಗುವ ಹಾಗೆ ಕಟ್ಟಿದೆ, ನೀರು ಆ ಬಳಸಿನಲ್ಲೇ ತೊಟ್ಟಿಕ್ಕಿ ಹೋಗಲಿ ಅಂತ. ಇಷ್ಟಾದ ಮೇಲೆ ಸಿಗ್ನಲ್ ಕುಣಿಯುವುದು ನಿಂತಿತು. ಯಾವ ಡ್ರೈವರನ್ನೂ ಮುಟ್ಟಲಿಲ್ಲ.

ಕಂಪ್ಯೂಟರ್ ಒಳಗಿನ ಕೆಲಸ ಬೇಗ ಹೇಳಿಬಿಡುತ್ತೇನೆ. ಕೊಳ್ಳುವ ಮುಂಚೆ ನೋಡಬೇಕಾದ್ದು ಎರಡು. ನಿಮ್ಮ ಕಂಪ್ಯೂಟರಿನಲ್ಲಿ ಕಾರ್ಡು ಸಿಕ್ಕಿಸುವ ಸ್ಲಾಟು ಹಳೆಯ ಪಿಸಿಐಯೋ ಹೊಸ ಪಿಸಿಐ ಎಕ್ಸ್‌ಪ್ರೆಸ್ಸೋ, ಮತ್ತು ಸಣ್ಣ ಕ್ಯಾಬಿನೆಟ್ ಆದರೆ ಕಾರ್ಡಿನ ಜೊತೆ ಅದನ್ನು ಬಿಗಿಯುವ ಗಿಡ್ಡ ಪಟ್ಟಿ ಕೊಡುತ್ತಾರೋ ಇಲ್ಲವೋ. ಪಟ್ಟಿ ಇಲ್ಲದೆ ಕಾರ್ಡು ತಂದರೆ ಅದು ಸ್ಲಾಟಿನಲ್ಲಿ ಅಲ್ಲಾಡುತ್ತದೆ, ದಪ್ಪ ಕೇಬಲ್ಲಿನ ಭಾರಕ್ಕೆ ಓರೆಯಾಗುತ್ತದೆ. ವಿಂಡೋಸಿನಲ್ಲಿ ಒಂದು ಕಾಲಕ್ಕೆ ಮೀಡಿಯಾ ಸೆಂಟರ್ ಅಂತ ಚಂದದ ವ್ಯವಸ್ಥೆ ಇತ್ತು, ವಿಂಡೋಸ್ 10 ಬಂದಾಗ ಅದನ್ನು ಕಿತ್ತು ಹಾಕಿದರು. ಹಾಗಾಗಿ ನಾನು ವಿಂಡೋಸ್ ಬದಲು ಲಿನಕ್ಸ್ ಹಾಕಿದೆ. ಕಾರ್ಡಿನ ಫರ್ಮ್‌ವೇರ್, ಅಂದರೆ ಕಾರ್ಡನ್ನು ಓಡಿಸುವ ಸಣ್ಣ ತಂತ್ರಾಂಶದ ಫೈಲು ಸರಿಯಾದ ಫೋಲ್ಡರಿನಲ್ಲಿ ಇರಬೇಕು, ಇಲ್ಲದಿದ್ದರೆ ಲಿನಕ್ಸಿನ ತಿರುಳಾದ ಕರ್ನಲ್ ತನ್ನ ದಾಖಲೆಯಲ್ಲಿ ಯಾವ ಫೈಲು ಸಿಗಲಿಲ್ಲ ಅಂತ ಹೆಸರು ಹಿಡಿದು ಬರೆದಿರುತ್ತದೆ, ಅದನ್ನು ತಂದಿಟ್ಟರೆ ಆಯಿತು. ಟ್ಯೂನರ್ ನೋಡಿಕೊಳ್ಳಲು ಟಿವಿಹೆಡೆಂಡ್, ಟಿವಿ ಪರದೆ ಮೇಲೆ ತೋರಿಸಲು ಕೋಡಿ. ಎರಡೂ ಪುಕ್ಕಟೆ.

ಟಿವಿಹೆಡೆಂಡಿಗೆ ಹೇಳಬೇಕಾದ ಅಂಕಿಗಳು ಮೊದಲ ಸಲ ನೋಡಿದಾಗ ಮಂತ್ರ ಅನಿಸುತ್ತವೆ. ಉದಾಹರಣೆಗೆ 11090, ವರ್ಟಿಕಲ್, 29500, 3/4. ಮೊದಲನೆಯದು ಆವರ್ತನ, ಮೆಗಾಹರ್ಟ್ಸ್‌ನಲ್ಲಿ. ಅಷ್ಟು ದೊಡ್ಡ ಆವರ್ತನ ಕೇಬಲ್ಲಿನಲ್ಲಿ ಇಳಿದು ಬರಲ್ಲ, ದಾರಿಯಲ್ಲೇ ಸಾಯುತ್ತದೆ. ಅದಕ್ಕೇ ಎಲ್‌ಎನ್‌ಬಿ ಅದರಿಂದ 9750 ಕಳೆದು 1340 ಮಾಡಿ ಕೆಳಗೆ ಕಳಿಸುತ್ತದೆ. ಟಿವಿಹೆಡೆಂಡಿನಲ್ಲಿ ಎಲ್‌ಎನ್‌ಬಿ ಬಗೆ ಯೂನಿವರ್ಸಲ್ ಅಂತ ಹಾಕದೆ ಬೇರೆ ಏನೋ ಆರಿಸಿದರೆ ಈ ಕಳೆಯುವ ಲೆಕ್ಕ ತಪ್ಪಿ, ಎಷ್ಟು ಹುಡುಕಿದರೂ ಒಂದು ಚಾನೆಲ್ಲೂ ಸಿಗಲ್ಲ. 29500 ಅಂದರೆ ಸಿಂಬಲ್ ರೇಟ್, ಸೆಕೆಂಡಿಗೆ ಎಷ್ಟು ಸಾವಿರ ಸಂಕೇತ ಬರುತ್ತವೆ ಅನ್ನುವ ಲೆಕ್ಕ, ಒಂದೊಂದು ಸಂಕೇತದಲ್ಲಿ ಎರಡು ಬಿಟ್. 3/4 ಅಂದರೆ ಕಳಿಸಿದ ನಾಲ್ಕು ಬಿಟ್‌ನಲ್ಲಿ ಮೂರು ಸರಕು, ಒಂದು ದಾರಿಯಲ್ಲಿ ಆಗುವ ಪೆಟ್ಟು ಸರಿಮಾಡಲು.

ಈ ಅಂಕಿಗಳನ್ನು ಗುಣಿಸಿ ನೋಡಿದರೆ ಅವ್ವನ ಪ್ರಶ್ನೆಗೆ ಉತ್ತರ ಸಿಗುತ್ತದೆ. ಒಂದು ಟ್ರಾನ್ಸ್‌ಪಾಂಡರಿನಿಂದ, ಅಂದರೆ ಉಪಗ್ರಹದಲ್ಲಿ ಇಂಥ ಒಂದು ಆವರ್ತನದಲ್ಲಿ ಕಳಿಸುವ ಘಟಕದಿಂದ, ಸೆಕೆಂಡಿಗೆ ಸುಮಾರು 40 ಮೆಗಾಬಿಟ್ ಇಳಿದು ಬರುತ್ತದೆ. ಒಂದೊಂದು ಚಾನೆಲ್ಲಿಗೆ ಎರಡೂವರೆ-ಮೂರು ಮೆಗಾಬಿಟ್ ಹಿಡಿದರೂ ಹತ್ತು-ಹದಿನೈದು ಚಾನೆಲ್ ಒಟ್ಟಿಗೇ, ಒಂದೇ ಲಾರಿಯಲ್ಲಿ ಎಪಿಎಂಸಿಗೆ ಬರುವ ಹತ್ತು ಊರಿನ ಮೆಣಸಿನಕಾಯಿ ಚೀಲಗಳ ಹಾಗೆ. ಸೆಟ್-ಟಾಪ್ ಬಾಕ್ಸ್ ಏನು ಮಾಡುತ್ತದೆ ಅಂದರೆ, ಅದರಲ್ಲಿ ಒಂದು ಚೀಲ ಇಳಿಸಿಕೊಂಡು ಉಳಿದದ್ದನ್ನು ಹಾಗೇ ಬಿಡುತ್ತದೆ. ಕಾರ್ಡು ಇಡೀ ಲಾರಿಯನ್ನೇ ಒಳಗೆ ಬಿಟ್ಟುಕೊಳ್ಳುತ್ತದೆ. ಅಂದರೆ ಒಂದೇ ಟ್ಯೂನರಿನಿಂದ ಆ ಟ್ರಾನ್ಸ್‌ಪಾಂಡರಿನ ಎಷ್ಟು ಚಾನೆಲ್ ಬೇಕಾದರೂ ಏಕಕಾಲಕ್ಕೆ ರೆಕಾರ್ಡ್ ಮಾಡಬಹುದು, ಅಪ್ಪಾಜಿ ಹಾಲಿನಲ್ಲಿ ಒಂದು ನೋಡುತ್ತಿರುವಾಗ ಅವ್ವ ಅಡುಗೆಮನೆಯಲ್ಲಿ ವೈಫೈ ಮೇಲೆ ಟ್ಯಾಬಿನಲ್ಲಿ ಇನ್ನೊಂದು ನೋಡಬಹುದು. ಎರಡನೇ ಡಬ್ಬಿ ಬೇಡ, ಎರಡನೇ ಕೇಬಲ್ ಬೇಡ. ಬೇರೆ ಟ್ರಾನ್ಸ್‌ಪಾಂಡರಿನ ಚಾನೆಲ್ ಬೇಕೆಂದರೆ ಮಾತ್ರ ಇನ್ನೊಂದು ಟ್ಯೂನರ್ ಬೇಕು.

ರೆಕಾರ್ಡಿಂಗೂ ಹಳೆಯ ಕಾಲದ ಹಾಗೆ ಪ್ರೊಸೆಸರನ್ನು ಹಿಂಡಲ್ಲ. ಚಿತ್ರ ಮೊದಲೇ ಕುಗ್ಗಿಸಿ ಬಂದಿರುತ್ತದೆ, ಬಂದದ್ದನ್ನು ಹಾಗೇ ಡಿಸ್ಕಿಗೆ ಬರೆದರೆ ಆಯಿತು. ಒಂದು ಗಂಟೆಗೆ ಒಂದು ಜಿಬಿಗಿಂತ ಚೂರು ಜಾಸ್ತಿ. ಆ 75 ಜಿಬಿಯ ನೆನಪಿದ್ದವರಿಗೆ ಇದು ಪವಾಡ. ಆ ಫೈಲು ನಿಮ್ಮದೇ, ಪೆನ್‌ಡ್ರೈವಿನಲ್ಲಿ ಹಾಕಿ ತಂಗಿ ಮನೆಗೆ ಕೊಡಬಹುದು, ಮುಂದಿನ ತಿಂಗಳು "ಈ ಕಾರ್ಯಕ್ರಮ ಈಗ ಲಭ್ಯವಿಲ್ಲ" ಅಂತ ಯಾರೂ ಹೇಳಲ್ಲ. ಚಂದನದಲ್ಲಿ ರಾತ್ರಿ ಬರುವ ಕ್ವಿಜ್ ನೋಡದೆ ಅಪ್ಪಾಜಿ ಮಲಗುವುದಿಲ್ಲ, ಆದರೆ ಅದೇ ಹೊತ್ತಿಗೆ ಯಾರಾದರೂ ಮನೆಗೆ ಬಂದು ಕೂರುತ್ತಾರೆ. ಈಗ ಬಂದವರಿಗೆ ಚಹಾ ಕೊಟ್ಟು ಕಳಿಸಿ ಆಮೇಲೆ ಮೊದಲಿಂದ ನೋಡುತ್ತಾರೆ, ಪ್ರಶ್ನೆ ಬಂದ ತಕ್ಷಣ ನಿಲ್ಲಿಸಿ ಉತ್ತರ ಯೋಚಿಸುತ್ತಾರೆ. ಇದನ್ನು ಅವ್ವ "ಮೋಸ" ಅನ್ನುತ್ತಾಳೆ.

ಚಿತ್ರದ ಗುಣಮಟ್ಟದ ಬಗ್ಗೆ ಮುಚ್ಚಿಡುವುದು ಬೇಡ. ಇವುಗಳಲ್ಲಿ ಬಹುಪಾಲು 576 ಗೆರೆಗಳ, ಸರಿ-ಬೆಸ ಗೆರೆಗಳನ್ನು ಸರದಿಯಲ್ಲಿ ಕಳಿಸುವ ಹಳೆಯ ಬಗೆಯ ಚಿತ್ರಗಳು. 43 ಇಂಚಿನ ಟಿವಿ ಮೇಲೆ ಹಾಗೇ ಹಾಕಿದರೆ ಓಡುವ ಆಟಗಾರನ ಅಂಚಿಗೆ ಬಾಚಣಿಗೆ ಹಲ್ಲು ಮೂಡುತ್ತದೆ. ಕೋಡಿಯಲ್ಲಿ ಆ ಸರಿ-ಬೆಸ ಗೆರೆಗಳನ್ನು ಬೆಸೆಯುವ ಡಿಇಂಟರ್‌ಲೇಸ್ ಹಾಕಬೇಕು, ಅದನ್ನು ಗ್ರಾಫಿಕ್ಸ್ ಚಿಪ್ಪಿಗೆ ವಹಿಸಬೇಕು. ಹಾಕಿದ ಮೇಲೆ ಚಿತ್ರ ನುಣುಪಾಗುತ್ತದೆ, ಆದರೆ ಎಚ್‌ಡಿ ಆಗಲ್ಲ. ಕ್ರಿಕೆಟ್ಟಿನಲ್ಲಿ ಚೆಂಡು ಹುಡುಕಬೇಕಾಗುತ್ತದೆ. ಆದರೂ ಕ್ರಿಕೆಟ್ಟಿಗೇ ಇದು ಬೇಕು ಅನ್ನುವವರು ಇದ್ದಾರೆ, ಕಾರಣವೂ ಇದೆ. 2007ರ ಒಂದು ಕಾಯ್ದೆ ಪ್ರಕಾರ ದೇಶಕ್ಕೆ ಮುಖ್ಯವಾದ ಪಂದ್ಯಗಳ ಸಿಗ್ನಲ್ಲನ್ನು ಖಾಸಗಿಯವರು ದೂರದರ್ಶನ ನಡೆಸುವ ಪ್ರಸಾರ ಭಾರತಿ ಜೊತೆ ಹಂಚಿಕೊಳ್ಳಬೇಕು. ಅದನ್ನು ದೂರದರ್ಶನದವರು ತಮ್ಮ ಟ್ರಾನ್ಸ್‌ಮಿಟರ್ ಮತ್ತು ಫ್ರೀ ಡಿಶ್‌ನಲ್ಲಿ ಮಾತ್ರ ತೋರಿಸಬೇಕು, ಖಾಸಗಿ ಕೇಬಲ್‌ನವರಿಗೆ ಕೊಡುವ ಹಾಗಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ಅಂಥ ಪಂದ್ಯ ಇದ್ದಾಗ ನಮ್ಮ ಹಾಲಿಗೆ ಪಕ್ಕದ ಮನೆ ಕಾಕಾ ತಮ್ಮ ಕುರ್ಚಿ ತಾವೇ ತರುತ್ತಾರೆ.

ಇನ್ನು ಮನೆಮಂದಿ. ಕೀಬೋರ್ಡು, ಮೌಸು ಹಿಡಿದು ಟಿವಿ ಹಚ್ಚಬೇಕು ಅಂದರೆ ಅದು ಟಿವಿ ಅಲ್ಲ. ಟಿವಿ ರಿಮೋಟಿನಿಂದಲೇ ಎಲ್ಲ ಆಗಲಿ ಅಂದರೆ ಎಚ್‌ಡಿಎಂಐನಲ್ಲಿ ಸಿಇಸಿ ಅಂತ ಒಂದು ವ್ಯವಸ್ಥೆ ಇದೆ, ಮಾಮೂಲಿ ಡೆಸ್ಕ್‌ಟಾಪ್‌ಗಳಲ್ಲಿ ಬಹಳಷ್ಟಕ್ಕೆ ಅದು ಇರುವುದಿಲ್ಲ. ನಾನು ಯುಎಸ್‌ಬಿ ಕಣ್ಣು ಇರುವ ಸಾದಾ ರಿಮೋಟ್ ತಂದೆ. ಚಾನೆಲ್ ನಂಬರುಗಳನ್ನು ಹಳೆಯ ಡಬ್ಬಿಯಲ್ಲಿ ಇದ್ದ ಹಾಗೇ ಇಟ್ಟೆ. ಬೇಡದ ಮಾರಾಟದ ಚಾನೆಲ್‌ಗಳನ್ನು ತೆಗೆದು ಹಾಕಿದೆ, ತಾಯತ ಮಾರುವವರ ಕಾಟ ತಪ್ಪಿತು. ಬಟನ್ ಒತ್ತಿದರೆ ನಿದ್ದೆಯಿಂದ ಏಳಬೇಕು, ಎದ್ದ ತಕ್ಷಣ ಚಂದನ ಬರಬೇಕು, ನಡುವೆ ಯಾವ ಮೆನುವೂ ಬರಬಾರದು. ಇಷ್ಟು ಮಾಡಿದ ಮೇಲೆ ಅವ್ವ ಕೇಳುವುದನ್ನು ನಿಲ್ಲಿಸಿದಳು. ಹೊಗಳಲಿಲ್ಲ, ಆದರೆ ಹಳೆಯ ಡಬ್ಬಿಯನ್ನು ಅಟ್ಟಕ್ಕೆ ಹಾಕಿದಳು.

ಅಪ್ಪಾಜಿಯ ತಕರಾರು ಬೇರೆ ಇತ್ತು. ಅವರಿಗೆ ಬೆಳಿಗ್ಗೆ ಧಾರವಾಡ ಆಕಾಶವಾಣಿ ಬೇಕು, 1950ರಿಂದ ಇರುವ ಕೇಂದ್ರ, ಮೀಡಿಯಂ ವೇವ್ 765 ಕಿಲೋಹರ್ಟ್ಸ್. ಅವರ ರೇಡಿಯೋ ಇರುವ ಮೇಜಿನ ಮೇಲೇ ಕಂಪ್ಯೂಟರ್ ಕೂತಿತ್ತು, ಅದು ಆನ್ ಆದರೆ ರೇಡಿಯೋದಲ್ಲಿ ಬರೀ ಗುಂಯ್ ಅನ್ನುವ ಸದ್ದು. ಕಂಪ್ಯೂಟರಿನ ಪವರ್ ಸಪ್ಲೈ ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಕತ್ತರಿಸುತ್ತಾ ಇರುತ್ತದೆ, ಆ ಗದ್ದಲ ಮೀಡಿಯಂ ವೇವಿನ ಮೇಲೇ ಬಂದು ಬೀಳುತ್ತದೆ. ಇದ್ಯಾವುದನ್ನೂ ಅವರಿಗೆ ಹೇಳಲು ಹೋಗಲಿಲ್ಲ. "ಆ ಡಬ್ಬಿ ತಗದು ಆ ಕಡೆ ಇಡ್ರಿ" ಅಂದರು, ಆ ಕಡೆ ಇಟ್ಟೆ.

ಮಳೆಗಾಲದ ಬಗ್ಗೆ ಎರಡು ಮಾತು. ಜಿಟಿಜಿಟಿ ಮಳೆಗೆ ಏನೂ ಆಗಲ್ಲ. ಕಪ್ಪು ಮೋಡ ಆಗ್ನೇಯದಿಂದ ಎದ್ದು ಧೋ ಅಂತ ಸುರಿದರೆ ಕು ಬ್ಯಾಂಡ್ ಅನ್ನುವ ಈ ದೊಡ್ಡ ಆವರ್ತನದ ಸಿಗ್ನಲ್ಲನ್ನು ನೀರೇ ಕುಡಿದುಬಿಡುತ್ತದೆ. ಟಿವಿಹೆಡೆಂಡಿನಲ್ಲಿ ಡೆಸಿಬಲ್ ಲೆಕ್ಕ ಇಳಿಯುವುದು ಕಣ್ಣೆದುರೇ ಕಾಣುತ್ತದೆ, ಮಳೆ ಎಷ್ಟು ಹೊತ್ತಿಗೆ ನಮ್ಮ ಓಣಿಗೆ ಬರುತ್ತದೆ ಅಂತ ಅದರಿಂದಲೇ ಹೇಳಬಹುದು, ಯಾಕಂದರೆ ಮೋಡ ನಮ್ಮ ತಲೆ ಮೇಲೆ ಬರುವ ಮುಂಚೆ ಉಪಗ್ರಹದ ದಾರಿಗೆ ಅಡ್ಡ ಬಂದಿರುತ್ತದೆ. ಇದು ಬರೀ ಚಿತ್ರ ಹೋಗುವ ಮಾತು. ಹೆದರಬೇಕಾದ್ದು ಏಪ್ರಿಲ್-ಮೇ ತಿಂಗಳ ಸಿಡಿಲಿಗೆ. ಡಬ್ಬಿ ಇದ್ದಾಗ ಸಿಡಿಲಿನ ಪೆಟ್ಟಿಗೆ ಡಬ್ಬಿ ಹೋಗುತ್ತಿತ್ತು. ಈಗ ಮಾಳಿಗೆಯ ಕೇಬಲ್ ನೇರವಾಗಿ ಮದರ್‌ಬೋರ್ಡಿಗೆ ಬಂದು ನಿಂತಿದೆ. ಡಿಶ್‌ನ ಕಂಬಕ್ಕೂ ಕೇಬಲ್ಲಿನ ಜಾಲರಿಗೂ ಅರ್ಥಿಂಗ್ ಕೊಡಿಸಿ. ಹತ್ತಿರದ ಸಿಡಿಲಿಗೆ ಅದೂ ಸಾಲದು, ಹಾಗಾಗಿ ಗುಡುಗು ದೂರ ಇರುವಾಗಲೇ ಕೇಬಲ್ ಬಿಚ್ಚಿ ಇಡಿ. ನಾವು ಮನೆಯಲ್ಲಿ ಇಲ್ಲದಾಗ ಈ ಕೆಲಸ ಯಾರು ಮಾಡಬೇಕು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಅವ್ವ ಕನೆಕ್ಟರ್ ಬಿಚ್ಚುವುದನ್ನು ಕಲಿತಿದ್ದಾಳೆ, ಆದರೆ ಅವತ್ತು ರಾತ್ರಿ ಯಾವುದಾದರೂ ರೆಕಾರ್ಡಿಂಗ್ ಇದೆಯೋ ಅಂತ ಮೊದಲು ನೋಡುತ್ತಾಳೆ.